ಬೆರಳ ಮೇಲೆ ನಿಂತಾಗ ಒಳಗಿಣ್ಣಿನ ಹಿಂದೆ ನೋವು

ಭರತನಾಟ್ಯ ಮಾಡುವ ನೀವು ಕಾಲ್ಬೆರಳ ಮೇಲೆ ನಿಂತಾಗ ಒಳಗಿಣ್ಣಿನ (ಕಣಕಾಲಿನ ಒಳಬದಿಯ ಉಬ್ಬು ಮೂಳೆಯ) ಹಿಂದೆ ನೋಯುತ್ತದೆ, ಏನಿರಬಹುದು ಅಂತ ಕೇಳಿದ್ದೀರಿ. ಇದು ಕಾಲಿನ ಹೆಬ್ಬೆರಳು ಮಡಚುವ ಸ್ನಾಯುವಿನ ತೊಂದರೆ ಇರಬೇಕು, ಫ್ಲೆಕ್ಸರ್ ಹ್ಯಾಲುಸಿಸ್ ಲಾಂಗಸ್. ಕುದಿತ್ತಮೆಟ್ಟು (ಬೆರಳ ಮೇಲೆ ಜಿಗಿದು ಹಿಮ್ಮಡಿ ತಟ್ಟುವ ಅಡವು, ಅಂದರೆ ನೃತ್ಯದ ಮೂಲ ಹೆಜ್ಜೆ) ಮಾಡುವಾಗ ನೋವು, ಬೆರಳು ಮಡಚಿದರೆ ಟಕ್ ಅನ್ನುತ್ತದೆ ಅಂದಿದ್ದೀರಿ ಅಲ್ವಾ? ಅದೇ ಸುಳಿವು. ಈ ಸ್ನಾಯು ಇರುವುದು ಮೀನಖಂಡದ ಆಳದಲ್ಲಿ, ಹೊರಬದಿಯ ಸಣ್ಣ ಮೂಳೆಯ ಹಿಂದೆ. ಅದರ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಒಳಗಿಣ್ಣಿನ ಹಿಂದೆ ಇಕ್ಕಟ್ಟಾದ ಕಾಲುವೆಯಲ್ಲಿ ನುಸುಳಿ, ಪಾದದಡಿ ಹಾದು ಹೆಬ್ಬೆರಳ ತುದಿಮೂಳೆಗೆ ಅಂಟುತ್ತದೆ. ಬೆರಳ ಮೇಲೆ ಏರಿಳಿದಷ್ಟೂ ಅಲ್ಲೇ ಉಜ್ಜುತ್ತದೆ.

ನೀವೇ ಹೀಗೆ ಪರೀಕ್ಷಿಸಿ ನೋಡಿ: ಮೊದಲು ಪಾದವನ್ನು ಕೆಳಕ್ಕೆ ಚಾಚಿ, ಹೆಬ್ಬೆರಳನ್ನು ಕೈಯಿಂದ ಮೇಲೆತ್ತಿ. ಆಮೇಲೆ ಪಾದವನ್ನು ನಿಮ್ಮ ಕಡೆ ಎಳೆದುಕೊಂಡು ಮತ್ತೆ ಎತ್ತಿ. ಎರಡನೇ ಸಲ ಬೆರಳು ಬಿಗಿದು ಅದೇ ಜಾಗ ನೋಯುತ್ತಿದ್ದರೆ ಅನುಮಾನ ಗಟ್ಟಿ. ಆದರೂ ಗಿಣ್ಣಿನ ಹಿಂದೆ ಹೆಚ್ಚುವರಿ ಮೂಳೆತುಣುಕು ಇದ್ದರೂ ಹೀಗೇ ಆಗಬಹುದು. ಎಕ್ಸ್‌ರೇ ಇಲ್ಲದೆ ಅದನ್ನು ತಳ್ಳಿಹಾಕಲಾಗದು.

ಎರಡು ಮೂರು ವಾರ ಬೆರಳ ಮೇಲಿನ ಅಡವು, ಜಿಗಿತ ಪೂರ್ತಿ ನಿಲ್ಲಿಸಿ. ಹಸ್ತ, ಅಭಿನಯ ಕೂತೇ ಮಾಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಿ. ಬೆರಳನ್ನು ಜೋರಾಗಿ ಎಳೆದು ಸ್ಟ್ರೆಚ್ ಮಾಡಬೇಡಿ, ಉರಿ ಜಾಸ್ತಿಯಾಗುತ್ತದೆ. ನೋವು ತಗ್ಗಿದ ಮೇಲೆ ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವುದು, ನಂತರ ನಿಂತು. ಹೆಬ್ಬೆರಳಿಂದ ನೆಲ ಕಚ್ಚಿ ಹಿಡಿಯುವ ಅಭ್ಯಾಸವಿದ್ದರೆ ಗುರುಗಳಿಗೆ ತೋರಿಸಿ ತಿದ್ದಿಕೊಳ್ಳಿ.

ಬೆರಳು ಮಡಚಿದಲ್ಲೇ ಸಿಕ್ಕಿಬಿದ್ದರೆ ಅಥವಾ ಅಂಗಾಲು ಜೋಮು ಹಿಡಿದರೆ ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.