ಹೆಬ್ಬೆಟ್ಟು ಬೀಳದಿದ್ದರೆ ಯಾರನ್ನು ಕೇಳಬೇಕು?

ಹೊಸನಗರದ ನಿಮ್ಮ ಅಮ್ಮನ ಹೆಬ್ಬೆಟ್ಟು ರೇಷನ್ ಸೊಸೈಟಿ ಮೆಷಿನ್‌ನಲ್ಲಿ ಬೀಳುತ್ತಿಲ್ಲ, ಆಧಾರ್ ಕೇಂದ್ರ ಸರ್ಕಾರದ್ದು ಅಂದ ಮೇಲೆ ರಾಜ್ಯವನ್ನು ಕೇಳಿ ಏನು ಪ್ರಯೋಜನ ಅಂದಿದ್ದೀರಿ. ಕೇಳಲೇಬೇಕು ಸರ್. ನಂಬರ್, ಬೆರಳಚ್ಚು ಎಲ್ಲ ಆಧಾರ್ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಐಡಿಎಐ ಕೈಲಿದೆ ನಿಜ, ಅದನ್ನು ಅಪ್‌ಡೇಟ್ ಮಾಡಿಸಲು ಆಧಾರ್ ಸೆಂಟರ್‌ಗೇ ಹೋಗಬೇಕು. ಆದರೆ ರೇಷನ್ ಕಾರ್ಡ್ ಕೊಡುವುದು, ಅಂಗಡಿಗೆ ಲೈಸೆನ್ಸ್ ಕೊಡುವುದು ರಾಜ್ಯವೇ. ಆಧಾರ್ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲಂತೂ ರಾಜ್ಯ ತನ್ನ ದುಡ್ಡಿನ ಯೋಜನೆಗಳಿಗೂ ಆಧಾರ್ ಕೇಳಬಹುದು. ಕೇಳುವ ಅಧಿಕಾರ ಬೇಕು, ಮೆಷಿನ್ ಕೈಕೊಟ್ಟಾಗ ಮಾತ್ರ ದೆಹಲಿ ಕಡೆ ಕೈ ತೋರಿಸುವುದು ಅಂದ್ರೆ ಹೇಗೆ? ವರ್ಷವಿಡೀ ಅಡಿಕೆ ಸುಲಿದ ಕೈಯಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ, ಅಲ್ವಾ? ಬೆರಳು ಹೊಂದಲಿಲ್ಲ ಅಂತ ಸೌಲಭ್ಯ ತಪ್ಪಬಾರದು ಅನ್ನುವುದು ಆಧಾರ್ ಬಗ್ಗೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಇದೆ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲೇ ಅರ್ಜಿ ಕೊಡಿ, ಸ್ವೀಕೃತಿ ಮರೆಯಬೇಡಿ.