ಜೀವಕೋಶದ ಮೈನಸ್ 70 ಮಿಲಿವೋಲ್ಟ್ ಪಂಪಿನಿಂದ ಬರುತ್ತದಾ?

ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಮೈನಸ್ ಇರುತ್ತದೆ. ಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು (ಒಂದು ಪ್ರೋಟೀನು) ಪ್ಲಸ್ ಚಾರ್ಜಿನ 3 ಸೋಡಿಯಂ ಹೊರಗೆ ಹಾಕಿ ಅದೇ ಪ್ಲಸ್ ಚಾರ್ಜಿನ 2 ಪೊಟ್ಯಾಸಿಯಂ ಒಳಗೆ ತರುತ್ತದೆ, ಒಳಗಿನ ಮೈನಸ್ ಚಾರ್ಜ್ ಅದರಿಂದಲೇ ಅಲ್ವಾ, ಪಂಪು ನಿಂತರೆ ಚಾರ್ಜೂ ಹೋಗಬೇಕಲ್ವಾ ಅಂತ ಕೇಳಿದ್ದೀರಿ. ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ, ಪ್ರತಿ ಬ್ಯಾಚಿನಲ್ಲೂ ಯಾರಾದರೂ ಇದನ್ನೇ ಕೇಳುತ್ತಾರೆ. ಉತ್ತರ: ಬಹುಪಾಲು ಅಲ್ಲ.

ಆ 3-2 ಲೆಕ್ಕದಿಂದ ನೇರವಾಗಿ ಸಿಗುವುದು ಕೆಲವೇ ಮಿಲಿವೋಲ್ಟ್. ಉಳಿದದ್ದು ಪೊಟ್ಯಾಸಿಯಂ ಸೋರಿಕೆಯ ಕೆಲಸ. ಪಂಪಿನ ದೆಸೆಯಿಂದ ಕೋಶದೊಳಗೆ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್ (ದ್ರಾವಣದಲ್ಲಿ ಎಷ್ಟಿದೆ ಅನ್ನುವ ಅಳತೆ) ಇರುತ್ತದೆ, ಹೊರಗೆ 4-5 ಅಷ್ಟೇ. ಪೊರೆಯಲ್ಲಿ ಸದಾ ತೆರೆದಿರುವ ಚಾನೆಲ್‌ಗಳಲ್ಲಿ ಪೊಟ್ಯಾಸಿಯಂ ಬಿಡುವವೇ ಜಾಸ್ತಿ, ಹಾಗಾಗಿ ಅದು ಹೊರಗೆ ಹೊರಡುತ್ತದೆ, ಆದರೆ ಪ್ರೋಟೀನು, ಫಾಸ್ಫೇಟಿನಂಥ ಮೈನಸ್ ಚಾರ್ಜಿನವು ದಾಟಲಾರದೆ ಒಳಗೇ ಉಳಿಯುತ್ತವೆ. ಪೊಟ್ಯಾಸಿಯಂ ಹೋದಷ್ಟೂ ಒಳಗಿನ ಮೈನಸ್ ಅದನ್ನು ಹಿಂದಕ್ಕೆಳೆಯುತ್ತದೆ. ಎರಡೂ ಸರಿಸಮ ಆಗುವುದು ಮೈನಸ್ 90ರ ಹತ್ತಿರ. ಸೋಡಿಯಂ ಸ್ವಲ್ಪ ಒಳಗೆ ಸೋರುವುದರಿಂದ ನರಕೋಶ ಮೈನಸ್ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇದಕ್ಕೆ ಎಷ್ಟು ಪೊಟ್ಯಾಸಿಯಂ ಹೊರಗೆ ಹೋಗಬೇಕು ಗೊತ್ತಾ? ಸಾಧಾರಣ ಗಾತ್ರದ ಕೋಶದಲ್ಲಿ ಲಕ್ಷಕ್ಕೆ ಒಂದೆರಡು! ನನಗೆ ತುಂಬಾ ಇಷ್ಟವಾದ ಭಾಗ ಇದೇ, ಪಾಠ ಮಾಡುವಾಗ ಯಾಕೆ ಬಿಟ್ಟುಬಿಡುತ್ತಾರೋ. 70 ಮಿಲಿವೋಲ್ಟ್ ಏನು ಮಹಾ ಅನ್ನಿಸಬಹುದು, ಆದರೆ ಪೊರೆಯ ದಪ್ಪ 7 ನ್ಯಾನೋಮೀಟರಿನಷ್ಟು. ಸುಮ್ನೆ ಭಾಗಿಸಿ ನೋಡಿ, ಮೀಟರಿಗೆ 1 ಕೋಟಿ ವೋಲ್ಟ್ ಆಗುತ್ತದೆ.

ಇನ್ನು ಪಂಪು ನಿಂತರೆ. ಔಬೇನ್ ಎಂಬ ವಿಷ ಹಾಕಿ ಅದನ್ನು ನಿಲ್ಲಿಸಬಹುದು. ಆಗ ಆ ಕೆಲವು ಮಿಲಿವೋಲ್ಟ್ ತಕ್ಷಣ ಹೋಗುತ್ತದೆ, ಉಳಿದದ್ದು ಒಳಗಿನ ಪೊಟ್ಯಾಸಿಯಂ ದಾಸ್ತಾನು ಕರಗಿದಂತೆಲ್ಲ ನಿಧಾನವಾಗಿ ಇಳಿಯುತ್ತದೆ. ಸ್ಕ್ವಿಡ್‌ನ ದಪ್ಪ ನರತಂತು ಪಂಪು ನಿಂತ ಮೇಲೂ ಸಾವಿರಾರು ಸಂದೇಶ ಕಳಿಸಬಲ್ಲದು. ಅಂದಹಾಗೆ ಈ ಪಂಪನ್ನು 1957ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಕಂಡುಹಿಡಿದರು, ನೊಬೆಲ್ ಸಿಕ್ಕಿದ್ದು 1997ರಲ್ಲಿ.

ಇದೆಲ್ಲ ಪ್ರಾಣಿಕೋಶದ ಕಥೆ. ನಮ್ಮ ಸಕಲೇಶಪುರದ ಕಡೆ ಕಾಫಿ ಗಿಡದ ಬೇರಿಗೆ ಈ ಪಂಪೇ ಇಲ್ಲ, ಅಲ್ಲಿರುವುದು ಪ್ರೋಟಾನನ್ನು (ಪ್ಲಸ್ ಚಾರ್ಜಿನ ಹೈಡ್ರೋಜನ್) ಹೊರಹಾಕುವ ಪಂಪು. ಅದು ನೇರವಾಗಿಯೇ ಚಾರ್ಜ್ ಕಟ್ಟುತ್ತದೆ, ಗಿಡದ ಕೋಶ ಮೈನಸ್ 120 ದಾಟುವುದು ಸಾಮಾನ್ಯ. ತೋಟಕ್ಕೆ ಹಾಕಿದ ಪೊಟ್ಯಾಶ್ (ಪೊಟ್ಯಾಸಿಯಂ ಗೊಬ್ಬರ) ಬೇರಿನೊಳಗೆ ಹೋಗಲು ಆ ಎಳೆತವೂ ಬೇಕು. ಹಾಗಾಗಿ ನಿಮ್ಮ ಊಹೆ ಕಾಫಿ ಗಿಡದ ಮಟ್ಟಿಗೆ ಹೆಚ್ಚುಕಮ್ಮಿ ಸರಿ.