ಎಗುಸಿ ಸೂಪ್ ಗಂಜಿಯಾಗದೆ ಉಂಡೆ ಉಂಡೆಯಾಗಿ ಬರಬೇಕೆಂದರೆ

ನೀವು ಕೇಳಿರುವುದು ಎರಡು ವಿಷಯ. ನೈಜೀರಿಯಾದ ಯೊರುಬಾ ಮನೆಗಳಲ್ಲಿ ಮಾಡುವ ಎಗುಸಿ ಸೂಪನ್ನು ಬೆಂಗಳೂರಿನಲ್ಲಿ ಸಿಗುವ ಸಾಮಾನಿನಲ್ಲೇ ಮಾಡಬಹುದಾ? ವಿಡಿಯೋ ನೋಡಿಕೊಂಡು ಮಾಡಿದ್ದು ಯಾಕೆ ಹಸಿ ವಾಸನೆಯ ಗಂಜಿಯಾಯಿತು?

ಎರಡನೆಯದನ್ನೇ ಮೊದಲು ಹೇಳುತ್ತೇನೆ. ಬೀಜದ ಪುಡಿಯನ್ನು ಕುದಿಯುವ ಸಾರಿಗೆ ಸುರಿದು ಚೆನ್ನಾಗಿ ತಿರುಗಿಸಿದೆ ಅಂತ ಬರೆದಿದ್ದೀರಿ. ಗಂಜಿಯಾಗಿದ್ದು ಅದಕ್ಕೇ. ಎಗುಸಿ ಎಂಬ ಆ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಉಳಿದದ್ದರಲ್ಲಿ ಪ್ರೋಟೀನೇ ಜಾಸ್ತಿ. ಅಲ್ಲಾಡಿಸದೆ ಬಿಟ್ಟರೆ ಆ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಕಟ್ಟುವ ಮೊದಲೇ ಸೌಟು ಆಡಿಸಿದರೆ ಎಲ್ಲಾ ಸಾರಿನಲ್ಲಿ ಕದಡಿಹೋಗುತ್ತದೆ. ಇಜೆಬು ಕಡೆಯವರು ಬೇಕೆಂದೇ ನುಣ್ಣಗೆ, ಸೊಪ್ಪು ಹಾಕದೆ ಮಾಡುತ್ತಾರೆ. ಅದೂ ರುಚಿಯೇ. ಆದರೆ ನಿಮಗೆ ಬೇಕಾಗಿರುವುದು ಉಂಡೆ ಉಂಡೆಯಾದದ್ದು, ಅಲ್ವಾ?

ನಾನು ಕೆಲಸದ ಮೇಲೆ ಕೆಲವು ವರ್ಷ ಲಾಗೋಸ್‌ನಲ್ಲಿದ್ದೆ. ಪಕ್ಕದ ಮನೆಯಲ್ಲಿದ್ದ ಇಬಾದಾನ್ ಕಡೆಯ ಹಿರಿಯ ಹೆಂಗಸೊಬ್ಬರು ನನಗೆ ಈ ಅಡುಗೆ ಕಲಿಸಿದರು. ಅವರು ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಮಾನಿನ ವಿಷಯ. ಎಗುಸಿ ಎಂದರೆ ಕಲ್ಲಂಗಡಿಗೆ ತೀರಾ ಹತ್ತಿರದ ಒಂದು ಬಳ್ಳಿಯ ಬೀಜ. ಆ ಕಾಯಿಯ ತಿರುಳು ತಿನ್ನಲು ಬರುವುದಿಲ್ಲ, ಬೀಜಕ್ಕೋಸ್ಕರವೇ ಬೆಳೆಯುತ್ತಾರೆ. ಹಾಗಾಗಿ ನಮ್ಮಲ್ಲಿ ಒಣಹಣ್ಣಿನ ಅಂಗಡಿಗಳಲ್ಲಿ ಮಗಜ್ ಹೆಸರಿನಲ್ಲಿ ಸಿಗುವ ಸಿಪ್ಪೆ ತೆಗೆದ ಕಲ್ಲಂಗಡಿ ಬೀಜ ಧಾರಾಳವಾಗಿ ಆಗುತ್ತದೆ. ನಾಲ್ಕು ಜನಕ್ಕೆ 200 ಗ್ರಾಂ ಸಾಕು. ಪುಡಿ ತರಬೇಡಿ. ಎಣ್ಣೆ ಬೀಜ, ಪುಡಿ ಮಾಡಿಟ್ಟರೆ ಬೇಗ ಮುಗ್ಗಲು ವಾಸನೆ ಬರುತ್ತದೆ. ಮಾಡುವ ದಿನವೇ ಒಣ ಜಾರಿನಲ್ಲಿ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಬ್ಲೇಡಿನ ಕೆಳಗೆ ಮುದ್ದೆಯಾಗಿ ಕೂರುತ್ತದೆ.

ಎಣ್ಣೆಯ ಬಗ್ಗೆ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ನಮ್ಮ ಅಂಗಡಿಯ ಪಾಮೋಲಿನ್ ಬೇರೆ, ಇದು ಬೇರೆ. ಬೇಕಾಗಿರುವುದು ಶುದ್ಧೀಕರಿಸದ ಕೆಂಪು ತಾಳೆ ಎಣ್ಣೆ, ಅಲ್ಲಿನವರ 'ಎಪೊ ಪುಪಾ'. ಆ ಕೆಂಪು ಕ್ಯಾರೋಟಿನ್‌ನಿಂದ ಬಂದದ್ದು, ಪಾಮೋಲಿನ್‌ನಲ್ಲಿ ಅದನ್ನೆಲ್ಲಾ ತೆಗೆದಿರುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕಿ. ಕಮ್ಮನಹಳ್ಳಿ, ಹೆಣ್ಣೂರು ಕಡೆ ಆಫ್ರಿಕನ್ ವಿದ್ಯಾರ್ಥಿಗಳು ಜಾಸ್ತಿ, ಅಲ್ಲೂ ವಿಚಾರಿಸಿ ನೋಡಿ. ಚಳಿಯಲ್ಲಿ ಅರ್ಧ ಗಟ್ಟಿಯಾಗುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಸಿಗಲೇ ಇಲ್ಲ ಅಂದರೆ ಕಡಲೆಕಾಯಿ ಎಣ್ಣೆಯಲ್ಲಿ ಮಾಡಿ, ಒಂದೆರಡು ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದರೆ ಬಣ್ಣ ಬರುತ್ತದೆ. ಆದರೆ ಆ ಘಮ ಬರುವುದಿಲ್ಲ.

ಇನ್ನೊಂದು, 'ಇರು'. ಆಫ್ರಿಕಾದ ಒಂದು ಮರದ ಬೀಜವನ್ನು ಬೇಯಿಸಿ ಹುಳಿ ಬರಿಸಿದ್ದು. ಮೂಗಿಗೆ ಖಾರವಾಗಿಯೇ ಹೊಡೆಯುತ್ತದೆ, ಎಣ್ಣೆಗೆ ಬಿದ್ದ ಮೇಲೆ ಮಾಂಸದ ಸಾರಿನಂಥ ಗಾಢ ರುಚಿ ಕೊಡುತ್ತದೆ. ಇದಕ್ಕೆ ನಮ್ಮ ದೇಶದಲ್ಲೇ ಸರಿಯಾದ ಬದಲಿ ಇದೆ. ನಾಗಾಲ್ಯಾಂಡಿನ ಅಕ್ಸೋನೆ ಅಥವಾ ಮಣಿಪುರದ ಹವಾಯ್‌ಜಾರ್. ಅವು ಸೋಯಾದವು, ಆದರೆ ಹುಳಿ ಬರಿಸುವುದು ಅದೇ ಜಾತಿಯ ಬ್ಯಾಕ್ಟೀರಿಯಾ. ಈಶಾನ್ಯ ರಾಜ್ಯಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಒಂದು ದೊಡ್ಡ ಚಮಚ ಸಾಕು. ಪಾಕವಿಧಾನಗಳಲ್ಲಿ 'ಕ್ರೇಫಿಶ್' ಅಂತ ಬರೆದಿರುತ್ತಾರಲ್ಲ, ಅದು ಸಣ್ಣ ಒಣ ಸಿಗಡಿ. ಕರಾವಳಿಯ ಒಣಮೀನಿನ ಅಂಗಡಿಯದ್ದನ್ನೇ ಪುಡಿ ಮಾಡಿಕೊಳ್ಳಿ.

ಸೊಪ್ಪಿಗೆ ಪರದಾಡಬೇಕಾಗಿಲ್ಲ. ಯೊರುಬಾ ಜನ ಹಾಕುವ 'ಟೆಟೆ' ನಮ್ಮ ದಂಟು, ಹರಿವೆಯ ಜಾತಿಯದ್ದೇ. ಅವರ 'ಶೊಕೊ' ನಮ್ಮ ಹೊಲಗಳಲ್ಲಿ ತಾನಾಗೇ ಬೆಳೆಯುವ ಅಣ್ಣೆ ಸೊಪ್ಪು. ಎಳೆಯದಾಗಿರಲಿ, ಎರಡು ಕಟ್ಟು.

ಈಗ ಒಲೆ ಹತ್ತಿರ ಬನ್ನಿ. ಅರ್ಧ ಕಿಲೋ ಮಟನ್ನನ್ನು ಈರುಳ್ಳಿ, ಉಪ್ಪು ಹಾಕಿ ಬೇಯಿಸಿ, ಆ ನೀರು ಇಟ್ಟುಕೊಳ್ಳಿ. ಮೂರು ಕೆಂಪು ದಪ್ಪ ಮೆಣಸಿನಕಾಯಿ, ಎರಡು ಟೊಮೆಟೊ, ಒಂದು ಈರುಳ್ಳಿ, ಖಾರಕ್ಕೆ ತಕ್ಕಷ್ಟು ಮೆಣಸಿನಕಾಯಿ ರುಬ್ಬಿ. ಅಲ್ಲಿ ಹಾಕುವುದು 'ಅಟಾ ರೊಡೊ' ಎಂಬ ಗುಂಡು ಮೆಣಸಿನಕಾಯಿ. ಖಾರದ ಜೊತೆ ಒಂದು ಹಣ್ಣಿನ ಪರಿಮಳವೂ ಇರುತ್ತದೆ. ಈಶಾನ್ಯ ರಾಜ್ಯಗಳ ಭೂತ್ ಜೊಲೋಕಿಯಾ ಮೆಣಸಿನಕಾಯಿ ಸಿಕ್ಕರೆ ಅದರ ಒಂದು ಚೂರು ಆ ಪರಿಮಳ ತರುತ್ತದೆ. ರುಬ್ಬಿದ್ದನ್ನು ಬೇರೆ ಪಾತ್ರೆಯಲ್ಲಿ ನೀರು ಆರುವವರೆಗೆ ಕುದಿಸಿ. ಈ ಹಂತ ಬಿಟ್ಟರೆ ಸೂಪು ಹುಳಿ ಹುಳಿ, ನೀರು ನೀರು.

ಅರ್ಧ ಕಪ್ ಕೆಂಪು ಎಣ್ಣೆ ಬಿಸಿ ಮಾಡಿ. ಹೊಗೆಯಾಡಿಸಬೇಡಿ, ಬಣ್ಣ ಹೋಗುತ್ತದೆ. ಹೆಚ್ಚಿದ ಈರುಳ್ಳಿ, ಇರು, ಆಮೇಲೆ ಕುದಿಸಿಟ್ಟ ಮಸಾಲೆ. ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಹುರಿದರೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಆಗ ಎರಡು ಕಪ್ ಮಾಂಸದ ನೀರು ಹಾಕಿ.

ಇಷ್ಟರಲ್ಲಿ ಎಗುಸಿ ಪುಡಿಗೆ ಅರ್ಧ ಈರುಳ್ಳಿ ರುಬ್ಬಿ ಹಾಕಿ, ಸ್ವಲ್ಪವೇ ನೀರಲ್ಲಿ ಗಟ್ಟಿಯಾಗಿ ಕಲಸಿಡಿ. ಚಮಚ ಓರೆ ಮಾಡಿದರೂ ತಟ್ಟನೆ ಬೀಳಬಾರದು, ಆ ಹದ. ಸಾರು ಮೆಲ್ಲಗೆ ಕುದಿಯುವಾಗ ಇದನ್ನು ಚಮಚ ಚಮಚವಾಗಿ ಅಲ್ಲಲ್ಲಿ ಬಿಡಿ. ಮುಚ್ಚಿ. ಸಣ್ಣ ಉರಿ. ಹದಿನೈದು ನಿಮಿಷ ಸೌಟು ಮುಟ್ಟಲೇಬೇಡಿ. ತಳ ಹಿಡಿಯುತ್ತದೆ ಅನಿಸಿದರೆ ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಮುಚ್ಚಳ ತೆಗೆದಾಗ ಮೇಲೆಲ್ಲಾ ಕೆಂಪು ಎಣ್ಣೆ ತೇಲುತ್ತಿರಬೇಕು, ಮಧ್ಯೆ ಮಧ್ಯೆ ಎಗುಸಿ ಮೊಟ್ಟೆ ಬುರ್ಜಿಯ ಹಾಗೆ ಕಟ್ಟಿರಬೇಕು. ಒಂದುಂಡೆ ಮುರಿದು ತಿಂದು ನೋಡಿ. ನಾಲಗೆಗೆ ಸುಣ್ಣದ ಪುಡಿ ಅಂಟಿದಂತಿದ್ದರೆ ಇನ್ನೂ ಬೆಂದಿಲ್ಲ, ಐದು ನಿಮಿಷ ಬಿಡಿ. ಬೆಂದಮೇಲೆ ಬೇಕಾದಷ್ಟು ದೊಡ್ಡ ಚೂರಾಗುವಂತೆ ಮೆಲ್ಲಗೆ ಒಡೆಯಿರಿ. ಮಟನ್, ಸಿಗಡಿ ಪುಡಿ ಹಾಕಿ. ಸೊಪ್ಪನ್ನು ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೊನೆಗೆ ಹಾಕಿ. ಐದು ನಿಮಿಷಕ್ಕೆ ಇಳಿಸಿ.

ದಯವಿಟ್ಟು ಗರಂ ಮಸಾಲೆ, ಧನಿಯಾ ಪುಡಿ ಹಾಕಬೇಡಿ. ಒಗ್ಗರಣೆಯೂ ಬೇಡ. ಬೀಜ, ಎಣ್ಣೆ, ಇರು, ಈ ಮೂರರ ರುಚಿ ಅದರಲ್ಲಿ ಮುಚ್ಚಿಹೋಗುತ್ತದೆ. ನನಗೆ ಈ ಅಡುಗೆ ಇಷ್ಟವಾಗಿದ್ದೇ ಆ ರುಚಿಗೆ.

ಮಾಂಸ ತಿನ್ನದವರು ಅಣಬೆ ಹಾಕಿ ಮಾಡಿ. ಮಾಂಸದ ನೀರಿನ ಬದಲು ಅಣಬೆ ಬೇಯಿಸಿದ ನೀರು, ಸಿಗಡಿ ಬಿಟ್ಟು ಇರು ಸ್ವಲ್ಪ ಜಾಸ್ತಿ.

ಅಲ್ಲಿ ಇದನ್ನು ಕುಟ್ಟಿದ ಯಾಮ್ ಗೆಣಸಿನ 'ಇಯಾನ್', ಇಲ್ಲವೇ ಅದೇ ಯಾಮ್‌ನ ಹಿಟ್ಟಿನ ಕಂದು ಬಣ್ಣದ 'ಅಮಲಾ' ಜೊತೆ ತಿನ್ನುತ್ತಾರೆ. ಇಂಗ್ಲಿಷ್ ಹೆಸರು ಒಂದೇ ಅಂತ ಸುವರ್ಣಗಡ್ಡೆ ತಂದು ಕುಟ್ಟಬೇಡಿ, ಅದು ಬೇರೆಯೇ ಗಿಡ. ಮನೆಯಲ್ಲಿ ರಾಗಿ ಮುದ್ದೆ ಮಾಡಿ. ಅಲ್ಲೂ ಹೀಗೇ ಬೆರಳಲ್ಲಿ ಮುರಿದು, ಸೂಪಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಉಳಿದ ಸೂಪು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಗಟ್ಟಿಯಾಗಿರುತ್ತದೆ, ಬಿಸಿ ಮಾಡುವಾಗ ಸ್ವಲ್ಪ ನೀರು ಸೇರಿಸಿಕೊಳ್ಳಿ.